ಸ್ನ್ಯಾಪ್‌ಶಾಟ್ ಇದ್ದರೆ ಬ್ಯಾಕಪ್ ಬೇಡವೇ? ಕಲಬುರಗಿಯ ದಾಲ್ ಮಿಲ್‌ನಿಂದ ಬಂದ ಪ್ರಶ್ನೆ

ಪ್ರಶ್ನೆ: ಸರ್, ನಮಸ್ಕಾರ್ರಿ. ಕಲಬುರಗಿ ಗಂಜ್‌ನ್ಯಾಗ ನಮ್ಮ ಸಾಹುಕಾರ್ರದು ಅಡತಿ ಅಂಗಡಿ ಅದ, ಕಪನೂರ ಕೈಗಾರಿಕಾ ಏರಿಯಾದಾಗ ತೊಗರಿ ದಾಲ್ ಮಿಲ್ ಅದ. ಎರಡೂ ಕಡಿ ಕಂಪ್ಯೂಟರ್ ಕೆಲಸ ನಾನೇ ನೋಡ್ಕೋತೀನಿ. ಮೊದಲ ಮಿಲ್‌ನ್ಯಾಗೇ ಸರ್ವರ್ ಇತ್ತು, ವಿಎಂವೇರ್ ಮ್ಯಾಲ ನಡೀತಿತ್ತು. ಈಗ ಅಮೆಜಾನ್ ಕ್ಲೌಡ್‌ದಾಗ, ಮುಂಬೈ ರೀಜನ್‌ನ್ಯಾಗ ಒಂದು ವಿಂಡೋಸ್ ಮಷಿನ್ ಅದ. ಕಾಟಾದ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ ಮ್ಯಾಲ ನಡೀತದ. ಅದರ ಡೇಟಾ ಫೈಲ್ ಡಿ ಡಿಸ್ಕ್‌ದಾಗ, ಲಾಗ್ ಫೈಲ್ ಇ ಡಿಸ್ಕ್‌ದಾಗ. ಲೆಕ್ಕದ ಸಾಫ್ಟ್‌ವೇರ್ ಬ್ಯಾರೆ, ಅದರ ಫೈಲ್‌ಗಳು ಡಿ ಒಳಗೇ ಅವ. ನಮಗ ಸರ್ವಿಸ್ ಕೊಡವರು ದಿನಾ ರಾತ್ರಿ 11ಕ್ಕ ಡಿ, 11.20ಕ್ಕ ಇ ಡಿಸ್ಕ್‌ನ ಸ್ನ್ಯಾಪ್‌ಶಾಟ್ ತಗೋತಾರ. 'ಇದಿದ್ರ ಬ್ಯಾಕಪ್ ಬ್ಯಾಡ' ಅಂತಾರ. ಹೋದ ಸೀಸನ್‌ದಾಗ ಒಂದು ಅಪ್‌ಡೇಟ್ ಕೆಟ್ಟು ಹಿಂದಿನ ರಾತ್ರಿದು ವಾಪಸ್ ತಂದ್ವಿ. ಮಷಿನ್ ಚಾಲೂ ಆತು. ಆದ್ರ ಕಾಟಾದ ಡೇಟಾಬೇಸ್ ಓಪನ್ ಆಗಲಿಲ್ಲ, ಲೆಕ್ಕದಾಗ ಒಂದು ಕಂಪನಿ ಎರರ್ ತೋರಸ್ತು, ಅರ್ಧ ದಿನ ಎಲ್ಲಾ ಆಮೆಗತಿ. ಈಗ 30 ದಿನದ ಸ್ನ್ಯಾಪ್‌ಶಾಟ್ ಅವ, ಬಿಲ್ ಏರ್ಲಿಕತ್ತದ. ಹಳೇವು ಅಳಿಸಿದ್ರ ಹೊಸಾವು ಕೆಡ್ತಾವೇನು? ಸ್ನ್ಯಾಪ್‌ಶಾಟ್ ಬ್ಯಾಕಪ್ ಹೌದೋ ಅಲ್ಲೋ? ವಿಎಂವೇರ್ ಇದ್ದಾಗ ಮೂರು ದಿನದ ಮ್ಯಾಲ ಇಡಬ್ಯಾಡ್ರಿ ಅಂತಿದ್ರು, ಇಲ್ಲಿ 30 ದಿನ ಹ್ಯಾಂಗ?

ಉತ್ತರ: ಸ್ನ್ಯಾಪ್‌ಶಾಟ್ ಎಂದರೆ ಒಂದು ಗಳಿಗೆಯಲ್ಲಿ ಡಿಸ್ಕ್ ಹೇಗಿತ್ತೋ ಆ ಸ್ಥಿತಿಯನ್ನು ಹಿಡಿದಿಡುವುದು. ಒಂದೇ ಸರ್ವರ್ ಮೇಲೆ ಹಲವು ಮಷಿನ್ ಓಡಿಸುವ ಸಾಫ್ಟ್‌ವೇರ್ ಆದ ವಿಎಂವೇರ್‌ನ ಮಾತನ್ನು ಮೊದಲು ಮುಗಿಸಿಬಿಡೋಣ. ನಿಮಗೆ ಮೂರು ದಿನದ ಗಡುವು ಹೇಳಿದವರು ಸರಿಯಾಗಿಯೇ ಹೇಳಿದ್ದರು. ಅಲ್ಲಿ ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೂಲ ಡಿಸ್ಕ್ ಫೈಲ್‌ಗೆ ಬರೆಯುವುದು ನಿಲ್ಲುತ್ತದೆ, ಆಮೇಲಿನ ಬರಹವೆಲ್ಲ ಪಕ್ಕದ ಡೆಲ್ಟಾ ಫೈಲ್‌ಗೆ ಹೋಗುತ್ತದೆ. ಓದುವಾಗ ಎರಡನ್ನೂ ತಡಕಬೇಕು. ಇನ್ನೊಂದು ಸ್ನ್ಯಾಪ್‌ಶಾಟ್ ತೆಗೆದರೆ ಮೂರನ್ನು. ದಿನ ಕಳೆದಂತೆ ಡೆಲ್ಟಾ ಉಬ್ಬುತ್ತದೆ, ಮೂಲ ಡಿಸ್ಕ್‌ನಷ್ಟೇ ದೊಡ್ಡದಾಗಬಲ್ಲದು. ಜಾಗ ತುಂಬಿದ ದಿನ ಆ ಮಷಿನ್ ಅಷ್ಟೇ ಅಲ್ಲ, ಅದೇ ಜಾಗದಲ್ಲಿರುವ ಬೇರೆ ಮಷಿನ್‌ಗಳೂ ನಿಲ್ಲಬಹುದು. ಅಳಿಸಲು ಹೋದರೆ ಡೆಲ್ಟಾದಲ್ಲಿರುವುದನ್ನೆಲ್ಲ ಮೂಲಕ್ಕೆ ಬೆರೆಸಬೇಕು, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಆದ್ದರಿಂದಲೇ ಒಂದು ಸ್ನ್ಯಾಪ್‌ಶಾಟ್ ಅನ್ನು 72 ಗಂಟೆಗಿಂತ ಹೆಚ್ಚು ಇಡಬೇಡಿ ಎಂದು ವಿಎಂವೇರ್‌ನವರೇ ಹೇಳುತ್ತಾರೆ. ಸರಪಣಿಯಲ್ಲಿ 32ರವರೆಗೆ ಅವಕಾಶವಿದ್ದರೂ ಎರಡು ಮೂರಕ್ಕೇ ನಿಲ್ಲಿಸಿ ಎನ್ನುವುದೂ ಅವರದೇ ಸಲಹೆ. ಮೂಲ ಫೈಲ್ ಹೋದರೆ ಬರೀ ಡೆಲ್ಟಾದಿಂದ ಏನೂ ಬರುವುದಿಲ್ಲ. ಅದು ಅಪ್‌ಡೇಟ್ ಹಾಕುವ ಮೊದಲು ತೆಗೆದು, ಎಲ್ಲ ಸರಿ ಇದೆ ಎಂದ ಮೇಲೆ ಅಳಿಸುವ ವಸ್ತು.

ಅಮೆಜಾನ್ ಕ್ಲೌಡ್‌ನ ಡಿಸ್ಕ್‌ಗೆ ಇಬಿಎಸ್ ಎಂದು ಹೆಸರು, ಅದರಲ್ಲಿ ನಡೆಯುವುದು ಬೇರೆ. ಆಜ್ಞೆ ಕೊಟ್ಟ ಕ್ಷಣ ಡಿಸ್ಕ್ ಹೇಗಿತ್ತೋ ಅದೇ ಸ್ಥಿತಿ ಗೊತ್ತಾಗಿಬಿಡುತ್ತದೆ. ಆಮೇಲೆ ಬ್ಲಾಕ್‌ಗಳು, ಅಂದರೆ ಡಿಸ್ಕ್‌ನ ಚಿಕ್ಕ ಚಿಕ್ಕ ತುಂಡುಗಳು, ಹಿನ್ನೆಲೆಯಲ್ಲಿ ಎಸ್3 ಎಂಬ ಬೇರೆಯೇ ಸಂಗ್ರಹಕ್ಕೆ ನಕಲಾಗುತ್ತವೆ. ಪರದೆಯ ಮೇಲೆ 'ಪೆಂಡಿಂಗ್' ಎಂದು ಎಷ್ಟು ಹೊತ್ತು ತೋರಿಸಿದರೂ ಆ ಕ್ಷಣದ ನಂತರ ಬರೆದದ್ದು ಅದರೊಳಗೆ ಸೇರುವುದಿಲ್ಲ, ನೀವು ಕೆಲಸ ನಿಲ್ಲಿಸಿ ಕಾಯಬೇಕಾಗಿಯೂ ಇಲ್ಲ. ಓಡುತ್ತಿರುವ ಡಿಸ್ಕ್‌ಗೆ ಯಾವ ಸರಪಣಿಯೂ ಅಂಟಿಕೊಳ್ಳುವುದಿಲ್ಲ. ಹಾಗಾಗಿ 30 ಅಲ್ಲ, 300 ಇಟ್ಟರೂ ಮಷಿನ್ ನಿಧಾನವಾಗುವುದಿಲ್ಲ. ಏರುವುದು ಬಿಲ್ ಮಾತ್ರ. ಇಡೀ ಸೌಕರ್ಯ ಕ್ಲೌಡ್ ಒಳಗೇ ನಡೆಯುವುದರಿಂದ ಕಪನೂರಿನಲ್ಲಿ ಕರೆಂಟ್ ಹೋದರೂ, ಗಂಜಿನಲ್ಲಿ ನೆಟ್ ಹೋದರೂ ರಾತ್ರಿಯ ಸ್ನ್ಯಾಪ್‌ಶಾಟ್ ತಪ್ಪುವುದಿಲ್ಲ.

ಇಷ್ಟು ಒಳ್ಳೆಯ ವ್ಯವಸ್ಥೆ ಇದ್ದೂ ನಿಮ್ಮ ಡೇಟಾಬೇಸ್ ಯಾಕೆ ತೆರೆಯಲಿಲ್ಲ? ನಿಮ್ಮ ಪತ್ರದ ಮುಖ್ಯ ಸುಳಿವು ಆ 11 ಮತ್ತು 11.20ರಲ್ಲಿದೆ.

ಡಿಸ್ಕ್‌ಗೆ ಗೊತ್ತಿರುವುದು ಬ್ಲಾಕ್‌ಗಳು ಮಾತ್ರ. ರೈತರ ಪಟ್ಟಿ ಯಾವುದು, ಕಾಟಾದ ಚೀಟಿ ಯಾವುದು, ಅರ್ಧ ಬರೆದ ಎಂಟ್ರಿ ಯಾವುದು ಎಂಬ ಅರಿವು ಅದಕ್ಕಿಲ್ಲ. ಸ್ನ್ಯಾಪ್‌ಶಾಟ್ ಹಿಡಿಯುವುದೂ ಆ ಬ್ಲಾಕ್‌ಗಳನ್ನೇ. ಸಾಮಾನ್ಯ ಸ್ನ್ಯಾಪ್‌ಶಾಟ್‌ನಿಂದ ಎದ್ದ ಮಷಿನ್‌ನ ಸ್ಥಿತಿ, ಓಡುತ್ತಿರುವಾಗ ಪ್ಲಗ್ ಕಿತ್ತು ಮತ್ತೆ ಹಾಕಿದ ಮಷಿನ್‌ನ ಸ್ಥಿತಿಯೇ. ಮೆಮೊರಿಯಲ್ಲಿದ್ದು ಇನ್ನೂ ಡಿಸ್ಕ್‌ಗೆ ಇಳಿಯದ್ದು ಹೋಗಿರುತ್ತದೆ. ಇಂಥ ಆಘಾತವನ್ನು ತಾಳಿಕೊಳ್ಳುವಂತೆಯೇ ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್ ಮೊದಲಾದ ಡೇಟಾಬೇಸ್‌ಗಳನ್ನು ಕಟ್ಟಿದ್ದಾರೆ. ಹೇಗೆ ಎಂಬುದು ಗಂಜಿನಲ್ಲಿ ಕೆಲಸ ಮಾಡುವ ನಿಮಗೆ ಬೇಗ ಹಿಡಿಸುತ್ತದೆ. ಹಳೆಯ ಮುನೀಮರು ಮೊದಲು ಕಿರ್ದಿಯಲ್ಲಿ ಬರೆದು, ಆಮೇಲೆ ಖತಾವಣಿಗೆ ಏರಿಸಿ, ಏರಿಸಿದ ಸಾಲಿಗೆ ಕಿರ್ದಿಯಲ್ಲಿ ಗುರುತು ಹಾಕುತ್ತಿದ್ದರಲ್ಲ, ಡೇಟಾಬೇಸೂ ಹಾಗೆಯೇ. ಲಾಗ್ ಫೈಲ್ ಅದರ ಕಿರ್ದಿ, ಡೇಟಾ ಫೈಲ್ ಅದರ ಖತಾವಣಿ. ನಡುವೆ ದೀಪ ಆರಿದರೆ ಮರುದಿನ ಕಿರ್ದಿ ತೆಗೆದು, ಗುರುತಿಲ್ಲದ ಸಾಲುಗಳನ್ನು ಖತಾವಣಿಗೆ ಏರಿಸಿ, ಅರ್ಧಕ್ಕೇ ನಿಂತ ವ್ಯವಹಾರವನ್ನು ಹೊಡೆದುಹಾಕಿದರೆ ಲೆಕ್ಕ ಕೂಡುತ್ತದೆ.

ಆದರೆ ಎರಡೂ ಪುಸ್ತಕ ಒಂದೇ ಗಳಿಗೆಯವಾಗಿರಬೇಕು. ನಿಮ್ಮಲ್ಲಿ ಖತಾವಣಿ 11 ಗಂಟೆಯದು, ಕಿರ್ದಿ 11.20ರದು. ಆ 20 ನಿಮಿಷದಲ್ಲಿ ಬಂದ ಲಾರಿಗಳ ತೂಕ ಲಾಗ್‌ಗೆ ಬಿತ್ತು, ಅಲ್ಲಿಂದ ಡಿ ಡಿಸ್ಕ್‌ಗೂ ಏರಿತು, 'ಏರಿಸಿದ್ದಾಯಿತು' ಎಂಬ ಗುರುತೂ ಲಾಗ್‌ನಲ್ಲಿ ಬಿತ್ತು. ಕೆಲಸ ಮುಗಿದ ಸಾಲುಗಳ ಜಾಗವನ್ನು ಎಸ್‌ಕ್ಯೂಎಲ್ ಸರ್ವರ್ ಮತ್ತೆ ಬಳಸಿಕೊಂಡೂ ಇರಬಹುದು. ಈಗ ನೀವು ತಂದಿಟ್ಟಿರುವ ಡಿ ಡಿಸ್ಕ್‌ನಲ್ಲಿ ಆ ತೂಕಗಳಿಲ್ಲ, ಇ ಡಿಸ್ಕ್ ಮಾತ್ರ 'ಏರಿಸಿದ್ದೇನೆ' ಎನ್ನುತ್ತಿದೆ. ಎರಡರ ಕ್ರಮಸಂಖ್ಯೆ ಹೊಂದಲಿಲ್ಲ, ಡೇಟಾಬೇಸ್ ತೆರೆಯಲು ಒಪ್ಪಲಿಲ್ಲ. ಅದು ಒಪ್ಪದೆ ನಿಂತದ್ದು ನಿಮ್ಮ ಪುಣ್ಯ. ಸುಮ್ಮನೆ ತೆರೆದುಕೊಂಡು ನಾಲ್ಕು ಲಾರಿ ತೊಗರಿ ಲೆಕ್ಕದಿಂದ ಕಾಣೆಯಾಗಿದ್ದರೆ ವರ್ಷದ ಕೊನೆಯವರೆಗೂ ಯಾರಿಗೂ ತಿಳಿಯುತ್ತಿರಲಿಲ್ಲ.

ಈ ದೋಷ ದಿನಾ ರಾತ್ರಿ ಇದ್ದದ್ದೇ. ಮಳೆಗಾಲದಲ್ಲಿ ರಾತ್ರಿ 11ಕ್ಕೆ ಕಾಟಾದ ಮೇಲೆ ಲಾರಿ ಇರುವುದಿಲ್ಲ, ಆ 20 ನಿಮಿಷದಲ್ಲಿ ಯಾರೂ ಏನೂ ಬರೆಯುವುದಿಲ್ಲ, ಎರಡು ಸ್ನ್ಯಾಪ್‌ಶಾಟ್ ತಾವಾಗಿಯೇ ಹೊಂದಿಕೊಳ್ಳುತ್ತವೆ. ತೊಗರಿ ಆವಕ ಜೋರಾಗಿ ಮಿಲ್ ರಾತ್ರಿಯಿಡೀ ಓಡುವ ಡಿಸೆಂಬರ್, ಜನವರಿಯಲ್ಲಿ ಮಾತ್ರ ಅದು ಬಯಲಿಗೆ ಬರುತ್ತದೆ. ನಷ್ಟ ಹೆಚ್ಚಾಗುವುದೂ ಆಗಲೇ.

ಮೊದಲ ಪರಿಹಾರ ಬಹಳ ಸುಲಭ, ಅದಕ್ಕೆ ಖರ್ಚೂ ಇಲ್ಲ. ಒಂದು ಮಷಿನ್‌ಗೆ ಸೇರಿದ ಎಲ್ಲ ಡಿಸ್ಕ್‌ಗಳ ಸ್ನ್ಯಾಪ್‌ಶಾಟ್ ಅನ್ನು ಒಂದೇ ಗಳಿಗೆಗೆ ತೆಗೆಯುವ ಸೌಲಭ್ಯ ಅಮೆಜಾನ್‌ನಲ್ಲಿ 2019ರಿಂದಲೇ ಇದೆ. ಡಿಸ್ಕ್ ಡಿಸ್ಕ್‌ಗೆ ಬೇರೆ ಶೆಡ್ಯೂಲ್ ಮಾಡುವ ಬದಲು ಇಡೀ ಮಷಿನ್ ಹೆಸರಿನಲ್ಲಿ ಒಂದೇ ಶೆಡ್ಯೂಲ್ ಮಾಡಬೇಕು, ಅಷ್ಟೇ. ನಿಮ್ಮ ಸರ್ವಿಸ್‌ನವರಿಗೆ ಇವತ್ತೇ ಫೋನ್ ಮಾಡಿ ಇದನ್ನು ಬದಲಿಸಲು ಹೇಳಿ. ಉಳಿದದ್ದನ್ನು ಓದುವುದು ಆಮೇಲೆ ಆದರೂ ಆದೀತು.

ಇದರಿಂದ ಕಾಟಾದ ಡೇಟಾಬೇಸ್ ಉಳಿಯುತ್ತದೆ. ಲೆಕ್ಕದ ಸಾಫ್ಟ್‌ವೇರ್ ಉಳಿಯುತ್ತದೆಯೇ ಎಂಬುದು ಬೇರೆ ಮಾತು. ಫೈಲ್‌ಗಳಲ್ಲೇ ಎಲ್ಲವನ್ನೂ ಇಡುವ ಸಾಫ್ಟ್‌ವೇರ್‌ಗಳಲ್ಲಿ ಇಂಥ ಗಟ್ಟಿ ಲಾಗ್ ಇರುತ್ತದೆಂಬ ಖಾತ್ರಿ ಇಲ್ಲ. ಗಂಜ್ ಅಂಗಡಿಯ ಗುಮಾಸ್ತರು ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯನ್ನು ಮುಚ್ಚಿ ಮನೆಗೆ ಹೋಗುತ್ತಾರೆ, ಲಾಗ್‌ಆಫ್ ಮಾಡಿರುವುದಿಲ್ಲ. ಒಳಗೆ ಕಂಪನಿ ತೆರೆದೇ ಇರುತ್ತದೆ, ಎಂಟ್ರಿ ಅರ್ಧಕ್ಕೇ ನಿಂತಿರುತ್ತದೆ. ನಿಮ್ಮಲ್ಲಿ ಎರರ್ ಬಂದ ಆ ಒಂದು ಕಂಪನಿ ಆ ರಾತ್ರಿ ಯಾರದ್ದೋ ಸೆಷನ್‌ನಲ್ಲಿ ತೆರೆದಿತ್ತು ಎಂದೇ ನನ್ನ ಅಂದಾಜು.

ಇದಕ್ಕೆ ವಿಂಡೋಸ್‌ನಲ್ಲಿ ವಿಎಸ್‌ಎಸ್ ಎಂಬ ಏರ್ಪಾಡಿದೆ, ವಿಂಡೋಸ್ ಸರ್ವರ್ 2003ರ ಕಾಲದಿಂದಲೂ ಇರುವಂಥದ್ದು. ಸ್ನ್ಯಾಪ್‌ಶಾಟ್‌ಗೆ ಮೊದಲು ಅದು ತನ್ನಲ್ಲಿ ನೋಂದಾಯಿಸಿಕೊಂಡ ಸಾಫ್ಟ್‌ವೇರ್‌ಗಳಿಗೆಲ್ಲ 'ಕೈಯಲ್ಲಿದ್ದದ್ದನ್ನು ಬರೆದು ಮುಗಿಸಿ, ತುಸು ತಡೆಯಿರಿ' ಎಂದು ಹೇಳುತ್ತದೆ. ಮೆಮೊರಿಯಲ್ಲಿದ್ದದ್ದು ಡಿಸ್ಕ್‌ಗೆ ಇಳಿಯುತ್ತದೆ, ಬರೆಯುವುದು ಕೆಲವು ಸೆಕೆಂಡ್ ನಿಲ್ಲುತ್ತದೆ, ಆಗ ಸ್ನ್ಯಾಪ್‌ಶಾಟ್ ಬೀಳುತ್ತದೆ. ಡಿಸ್ಕ್‌ಗೆ ಬರೆಯುವುದನ್ನು 10 ಸೆಕೆಂಡಿಗಿಂತ ಹೆಚ್ಚು ತಡೆಹಿಡಿಯಲು ವಿಂಡೋಸ್ ಬಿಡುವುದಿಲ್ಲ, ಅಷ್ಟರಲ್ಲಿ ಆಗದಿದ್ದರೆ ಕೆಲಸವನ್ನೇ ರದ್ದು ಮಾಡುತ್ತದೆ. ಕಾಟಾದ ಮೇಲೆ ಕೂತವನಿಗೆ ಒಮ್ಮೆ ಸೇವ್ ತಡವಾದಂತೆ ಅನಿಸೀತು, ಅಷ್ಟೇ. ಎಸ್‌ಕ್ಯೂಎಲ್ ಸರ್ವರ್ ಈ ಮಾತು ಕೇಳುತ್ತದೆ. ನಿಮ್ಮ ಲೆಕ್ಕದ ಸಾಫ್ಟ್‌ವೇರ್ ಕೇಳುತ್ತದೆಯೇ ಎಂದು ಅದನ್ನು ಕೊಟ್ಟವರನ್ನೇ ಕೇಳಿ. ಇಲ್ಲ ಎಂದರೆ ಸ್ನ್ಯಾಪ್‌ಶಾಟ್‌ಗೆ ಹತ್ತು ನಿಮಿಷ ಮೊದಲು ಎಲ್ಲ ರಿಮೋಟ್ ಸೆಷನ್‌ಗಳನ್ನು ಲಾಗ್‌ಆಫ್ ಮಾಡಿಸುವ ಒಂದು ಟಾಸ್ಕ್ ಹಾಕಿಡಿ. ಗುಮಾಸ್ತರು ಎರಡು ದಿನ ಗೊಣಗುತ್ತಾರೆ, ಆಮೇಲೆ ರೂಢಿಯಾಗುತ್ತದೆ.

ಸ್ನ್ಯಾಪ್‌ಶಾಟ್ ಶೆಡ್ಯೂಲ್ ನಡೆಸುವ ಅಮೆಜಾನ್‌ನ ಡೇಟಾ ಲೈಫ್‌ಸೈಕಲ್ ಮ್ಯಾನೇಜರ್‌ನಲ್ಲಿ ಸ್ನ್ಯಾಪ್‌ಶಾಟ್‌ನ ಹಿಂದೆ ಮುಂದೆ ಸ್ಕ್ರಿಪ್ಟ್ ಓಡಿಸುವ ಅವಕಾಶ 2023ರ ನವೆಂಬರ್‌ನಲ್ಲಿ ಬಂದಿದೆ, ವಿಎಸ್‌ಎಸ್ ಅನ್ನು ಅಲ್ಲಿಂದಲೇ ಕರೆಯಬಹುದು. ಅದರಲ್ಲೊಂದು ಮೋಸದ ಆಯ್ಕೆಯಿದೆ: ಸ್ಕ್ರಿಪ್ಟ್ ಸೋತರೆ ಸಾಮಾನ್ಯ ಸ್ನ್ಯಾಪ್‌ಶಾಟ್ ತೆಗೆದು ಮುಂದೆ ಹೋಗು ಎಂಬುದು. ಅದನ್ನು ಇಟ್ಟುಕೊಳ್ಳುವುದು ತಪ್ಪಲ್ಲ, ಏನೂ ಇಲ್ಲದ್ದಕ್ಕಿಂತ ಅದೇ ಮೇಲು. ಆದರೆ ಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ವಿಎಸ್‌ಎಸ್ ಮೂಲಕ ಸರಿಯಾಗಿ ಬಂದ ಸ್ನ್ಯಾಪ್‌ಶಾಟ್‌ಗೆ 'ಆ್ಯಪ್‌ಕನ್ಸಿಸ್ಟೆಂಟ್' ಎಂಬ ಟ್ಯಾಗ್ ಇರುತ್ತದೆ, ವಾರಕ್ಕೊಮ್ಮೆ ಅದನ್ನು ನೋಡುತ್ತಿರಿ.

ಈಗ ಬಿಲ್. ಮೊದಲ ಸ್ನ್ಯಾಪ್‌ಶಾಟ್‌ನಲ್ಲಿ ಡಿಸ್ಕ್‌ನಲ್ಲಿ ಬರೆದಿರುವ ಎಲ್ಲ ಬ್ಲಾಕ್‌ಗಳೂ ಹೋಗುತ್ತವೆ. ಎರಡನೆಯದರಿಂದ ಬದಲಾದ ಬ್ಲಾಕ್ ಮಾತ್ರ. 200 ಜಿಬಿ ಡಿಸ್ಕ್‌ನಲ್ಲಿ 80 ಜಿಬಿ ತುಂಬಿದೆ, ದಿನಕ್ಕೆ 3 ಜಿಬಿ ಬದಲಾಗುತ್ತದೆ ಎಂದಿಟ್ಟುಕೊಳ್ಳಿ. 30 ಸ್ನ್ಯಾಪ್‌ಶಾಟ್‌ಗೆ 80ರ ಮೇಲೆ 29 ಸಲ 3, ಅಂದರೆ 167 ಜಿಬಿ. 30 ಸಲ 200 ಜಿಬಿ ಅಲ್ಲ. ಬೆಲೆಪಟ್ಟಿ ನೋಡಿ ಹೆದರುವವರು ಹೆಚ್ಚಾಗಿ ಈ ಎರಡನೇ ಲೆಕ್ಕ ಹಾಕಿರುತ್ತಾರೆ.

ಹಾಗಿದ್ದರೂ ನಿಮ್ಮ ಬಿಲ್ ಏರುತ್ತಿದೆ ಎಂದರೆ ದಿನದ ಬದಲಾವಣೆ ನೀವು ತಿಳಿದದ್ದಕ್ಕಿಂತ ದೊಡ್ಡದಿದೆ. ಕಾಟಾದ ಸಾಫ್ಟ್‌ವೇರ್ ಹಾಕಿಕೊಟ್ಟವರು ರಾತ್ರಿ ಡೇಟಾಬೇಸ್‌ನ ಒಂದು ಬ್ಯಾಕ್ ಫೈಲ್ (ಡೇಟಾಬೇಸ್ ತಾನೇ ಬರೆದುಕೊಡುವ ಬ್ಯಾಕಪ್) ಡಿ ಡಿಸ್ಕ್‌ಗೇ ಬರೆಯುವಂತೆ ಮಾಡಿದ್ದಾರೆಯೇ ನೋಡಿ. ಇದು ನಾನು ಬಹಳ ಕಡೆ ಕಂಡ ಸಂಗತಿ. ಆ ಫೈಲ್ 8 ಜಿಬಿ ಇದ್ದರೆ ಪ್ರತಿ ರಾತ್ರಿ 8 ಜಿಬಿ ಹೊಸ ಬ್ಲಾಕ್ ಹುಟ್ಟಿದಂತೆ, ತಿಂಗಳಿಗೆ 232 ಜಿಬಿ ಸೇರಿ 167 ಇದ್ದದ್ದು 400ರ ಹತ್ತಿರ ಹೋಗುತ್ತದೆ. ಹಳೆಯ ಬ್ಯಾಕ್ ಫೈಲ್‌ಗಳನ್ನು ವಿಂಡೋಸ್‌ನಲ್ಲಿ ಅಳಿಸಿದರೂ ಸ್ನ್ಯಾಪ್‌ಶಾಟ್‌ಗಳಲ್ಲಿ ಅವು ಕೂತೇ ಇರುತ್ತವೆ. ಡಿಸ್ಕ್ ಡಿಫ್ರಾಗ್ ಮಾಡಿಸುವುದೂ ಇದೇ ಕೇಡು ಮಾಡುತ್ತದೆ: ಒಂದಕ್ಷರ ಬದಲಾಗದಿದ್ದರೂ ಬ್ಲಾಕ್‌ಗಳ ಜಾಗ ಬದಲಾಗಿ ಎಲ್ಲವೂ ಹೊಸದೆಂದು ನಕಲಾಗುತ್ತದೆ. ಇಬಿಎಸ್ ಎಣಿಸುವ ಬ್ಲಾಕ್ 512 ಕಿಲೋಬೈಟ್‌ನದು, ಅದರಲ್ಲಿ ಒಂದು ಸಾಲು ಬದಲಾದರೂ ಇಡೀ ಬ್ಲಾಕ್ ಲೆಕ್ಕಕ್ಕೆ ಬರುತ್ತದೆ. ಬ್ಯಾಕ್ ಫೈಲ್‌ಗೆ ಎಫ್ ಎಂಬ ಬೇರೆ ಚಿಕ್ಕ ಡಿಸ್ಕ್ ಕೊಟ್ಟು ಅದನ್ನು ಸ್ನ್ಯಾಪ್‌ಶಾಟ್‌ನಿಂದ ಹೊರಗಿಡಿ. ಬ್ಯಾಕ್ ಫೈಲ್ ನಿಲ್ಲಿಸಬೇಡಿ ಮಾತ್ರ, ಅದರ ಅಗತ್ಯ ಮುಂದೆ ಹೇಳುತ್ತೇನೆ.

ಹಳೆಯದನ್ನು ಅಳಿಸಿದರೆ ಹೊಸದು ಕೆಡುವುದಿಲ್ಲ. ಮೊದಲನೆಯದರಲ್ಲಿ ಎಲ್ಲ ಇದೆ, ಅದು ಹೋದರೆ ಉಳಿದವು ಅನಾಥ ಎಂಬ ಭಯ ವಿಎಂವೇರ್‌ನಿಂದ ಬಂದದ್ದು. ಇಲ್ಲಿ ಪ್ರತಿ ಸ್ನ್ಯಾಪ್‌ಶಾಟ್ ತನಗೆ ಬೇಕಾದ ಬ್ಲಾಕ್‌ಗಳ ಪಟ್ಟಿ ಇಟ್ಟುಕೊಂಡಿರುತ್ತದೆ. ಒಂದನ್ನು ಅಳಿಸಿದಾಗ ಬೇರೆ ಯಾರಿಗೂ ಬೇಡವಾದ ಬ್ಲಾಕ್ ಮಾತ್ರ ಹೋಗುತ್ತದೆ. ಇದರ ಇನ್ನೊಂದು ಮುಖವೂ ಇದೆ: 30ರಲ್ಲಿ 20 ಅಳಿಸಿದರೆ ಬಿಲ್ ಮೂರನೇ ಎರಡು ಭಾಗ ಇಳಿಯುವುದಿಲ್ಲ. ಮೊದಲಿನ 80 ಜಿಬಿ ಉಳಿದವರ ಹೆಗಲಿಗೆ ಬೀಳುತ್ತದೆ. ಹಳೆಯ ಮಷಿನ್ ತೆಗೆದುಹಾಕಿದ ಮೇಲೂ ಅದರ ಸ್ನ್ಯಾಪ್‌ಶಾಟ್‌ಗಳು ಉಳಿದುಕೊಂಡು ಬಾಡಿಗೆ ತಿನ್ನುತ್ತಿರುತ್ತವೆ, ಅವನ್ನೂ ಹುಡುಕಿ. ಅಳಿಸಲು ಕೂರುವ ಮೊದಲು ಅಮೆಜಾನ್‌ನ ರೀಸೈಕಲ್ ಬಿನ್ ನಿಯಮವೊಂದನ್ನು ಹಾಕಿಕೊಳ್ಳಿ. ಒಂದು ದಿನದಿಂದ ಒಂದು ವರ್ಷದವರೆಗೆ ಎಷ್ಟು ಬೇಕೋ ಅಷ್ಟು ಕಾಲ ಅಳಿಸಿದ್ದು ಅಲ್ಲಿರುತ್ತದೆ. ಅಲ್ಲಿದ್ದಷ್ಟು ದಿನ ಅದಕ್ಕೂ ಹಣ ಬೀಳುತ್ತದೆ, ಒಂದು ವಾರ ಸಾಕು.

ಅರ್ಧ ದಿನ ಆಮೆಗತಿ ಎಂದಿರಲ್ಲ, ಅದು ದೋಷವಲ್ಲ. ಸ್ನ್ಯಾಪ್‌ಶಾಟ್‌ನಿಂದ ಹೊಸ ಡಿಸ್ಕ್ ಮಾಡಿದಾಗ ಅದು ಕೂಡಲೇ ಸಿಗುತ್ತದೆ, ಆದರೆ ಒಳಗೆ ಇನ್ನೂ ಏನೂ ಇಳಿದಿರುವುದಿಲ್ಲ. ಯಾವ ಬ್ಲಾಕ್ ಅನ್ನು ಮೊದಲ ಸಲ ಮುಟ್ಟುತ್ತೀರೋ ಅದು ಆಗ ಎಸ್3ಯಿಂದ ಬರುತ್ತದೆ. ಎಲ್ಲವನ್ನೂ ಒಮ್ಮೆ ಮುಟ್ಟಿದ ಮೇಲೆ ವೇಗ ಮೊದಲಿನಂತಾಗುತ್ತದೆ. ಜನರನ್ನು ಒಳಗೆ ಬಿಡುವ ಮೊದಲು ಇಡೀ ಡಿಸ್ಕ್ ಅನ್ನು ಒಂದು ಸಲ ಓದಿಸಿಬಿಟ್ಟರೆ ಕೆಲಸ ಸುಸೂತ್ರ. ಫಾಸ್ಟ್ ಸ್ನ್ಯಾಪ್‌ಶಾಟ್ ರಿಸ್ಟೋರ್ ಎಂಬುದು ಈ ಕಾಯುವಿಕೆಯನ್ನು ತಪ್ಪಿಸುತ್ತದೆ, ಆದರೆ ಅದಕ್ಕೆ ಗಂಟೆ ಲೆಕ್ಕದಲ್ಲಿ ಹಣ. ನಿಮ್ಮಂಥ ಮಿಲ್‌ಗೆ ಅದು ಬೇಡ.

ಬ್ಯಾಕಪ್ ಹೌದೋ ಅಲ್ಲವೋ ಎಂಬುದಕ್ಕೆ ಬರುತ್ತೇನೆ. ವಿಎಂವೇರ್‌ನದು ಖಂಡಿತ ಅಲ್ಲ. ಇಬಿಎಸ್‌ನದು ಅರ್ಧ ಹೌದು. ಡಿಸ್ಕ್ ಸುಟ್ಟರೆ, ವಿಂಡೋಸ್ ಕೆಟ್ಟರೆ, ಗುಮಾಸ್ತ ತಪ್ಪಾಗಿ ಅಳಿಸಿದರೆ ಅದು ಕಾಯುತ್ತದೆ. ಸ್ನ್ಯಾಪ್‌ಶಾಟ್‌ಗಳು ಒಂದೇ ಕಟ್ಟಡದಲ್ಲಿ ಇರುವುದಿಲ್ಲ, ರೀಜನ್‌ನ ಹಲವು ಕೇಂದ್ರಗಳಲ್ಲಿ ಹಂಚಿರುತ್ತವೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದವರು ಎರಡನ್ನೂ ಕಳೆದುಕೊಂಡರು. ಆ ಬಗೆಯ ಅಪಾಯ ನಿಮಗೆ ಕಡಿಮೆ.

ನಿಮಗಿರುವ ಅಪಾಯ ಇನ್ನೊಂದು ಬಗೆಯದು. 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ಖಾತೆಗೆ ಕಳ್ಳನೊಬ್ಬ ನುಗ್ಗಿದ. ಹಣ ಕೇಳಿದ. ಕಂಪನಿಯವರು ಖಾತೆಯನ್ನು ವಾಪಸ್ ಹಿಡಿಯಲು ಹೊರಟಾಗ ಡಿಸ್ಕ್, ಸ್ನ್ಯಾಪ್‌ಶಾಟ್, ಬ್ಯಾಕಪ್ ಎಲ್ಲವನ್ನೂ ಅಳಿಸುತ್ತ ಹೋದ. ಎಲ್ಲವೂ ಒಂದೇ ಖಾತೆಯಲ್ಲಿದ್ದದ್ದರಿಂದ ಒಂದೇ ಬೀಗದ ಕೈಗೆ ಎಲ್ಲ ಸಿಕ್ಕಿತು, ಕಂಪನಿ ಬಾಗಿಲು ಹಾಕಿತು. ನಿಮ್ಮ ಖಾತೆಯ ಪಾಸ್‌ವರ್ಡ್ ಯಾರ ಯಾರ ಹತ್ತಿರ ಇದೆ ಎಂದು ಒಂದು ಸಲ ಎಣಿಸಿ. ಸರ್ವಿಸ್‌ನವರ ಹತ್ತಿರ ಇದೆ, ಅವರಲ್ಲಿ ಕೆಲಸ ಬಿಟ್ಟು ಹೋದವರ ಹತ್ತಿರವೂ ಇರಬಹುದು. ಮೊದಲು ಆ ಖಾತೆಗೆ ಎರಡನೇ ಹಂತದ ಓಟಿಪಿ ಹಾಕಿ, ಮೂಲ ಖಾತೆ ಸಾಹುಕಾರರ ಹೆಸರಿನಲ್ಲೇ ಇರುವಂತೆ ನೋಡಿಕೊಳ್ಳಿ. ಅದು ಸರ್ವಿಸ್‌ನವರ ಹೆಸರಿನಲ್ಲಿದ್ದರೆ ಸ್ನ್ಯಾಪ್‌ಶಾಟ್ ಚರ್ಚೆಗಿಂತ ಅದೇ ದೊಡ್ಡ ಕೆಲಸ.

ಆಮೇಲೆ ಸ್ನ್ಯಾಪ್‌ಶಾಟ್‌ನ ಒಂದು ಪ್ರತಿ ಬೇರೆ ಖಾತೆಯಲ್ಲಿರಲಿ. ಅಮೆಜಾನ್‌ನ ಹೈದರಾಬಾದ್ ರೀಜನ್ 2022ರ ನವೆಂಬರ್‌ನಿಂದ ನಡೆಯುತ್ತಿದೆ. ವಾರಕ್ಕೊಂದು ಪ್ರತಿ ಅಲ್ಲಿಗೆ ಕಳಿಸಬಹುದು, ನಮ್ಮ ಕಡೆಯವರಿಗೆ ಹೈದರಾಬಾದ್ ಮುಂಬೈಗಿಂತ ಹತ್ತಿರದ ಊರೂ ಹೌದು. ಇಲ್ಲಿ ಜನ ಎಡವುವ ಒಂದು ಜಾಗವಿದೆ. ಡಿಸ್ಕ್ ಅನ್ನು ಅಮೆಜಾನ್‌ನ ಡೀಫಾಲ್ಟ್ ಕೀಯಿಂದ ಎನ್‌ಕ್ರಿಪ್ಟ್ ಮಾಡಿದ್ದರೆ ಅದರ ಸ್ನ್ಯಾಪ್‌ಶಾಟ್ ಅನ್ನು ಬೇರೆ ಖಾತೆಗೆ ಕೊಡಲು ಬರುವುದಿಲ್ಲ. ನೀವೇ ಮಾಡಿಕೊಂಡ ಕೀ ಬೇಕು. ಆ ಕೀಯನ್ನು ಅಳಿಸಿದರೆ 7ರಿಂದ 30 ದಿನದ ಗಡುವು ಮುಗಿದ ಮೇಲೆ ಸ್ನ್ಯಾಪ್‌ಶಾಟ್ ಇದ್ದೂ ಇಲ್ಲದಂತೆ, ಬ್ರಹ್ಮ ಬಂದರೂ ಓದಲಾಗದು. ಯಾರೂ ಅಳಿಸಲಾಗದಂತೆ ಇಷ್ಟು ದಿನ ಎಂದು ಬೀಗ ಹಾಕುವ ಸ್ನ್ಯಾಪ್‌ಶಾಟ್ ಲಾಕ್ ಕೂಡ 2023ರಿಂದ ಇದೆ.

ಇಷ್ಟಾದರೂ ಬ್ಯಾಕ್ ಫೈಲ್ ಬೇಕು ಎನ್ನುವುದೇಕೆಂದರೆ, ಅದು ಡಿಸ್ಕ್‌ನ ನಕಲಲ್ಲ, ಡೇಟಾಬೇಸ್ ತಾನೇ ಅರ್ಥ ಮಾಡಿಕೊಂಡು ಬರೆದುಕೊಟ್ಟದ್ದು. ಯಾವ ಕ್ಲೌಡ್‌ನಲ್ಲಾದರೂ, ಕಪನೂರಿನ ಒಂದು ಸಾದಾ ಪಿಸಿಯಲ್ಲಾದರೂ ಅದನ್ನು ತೆರೆಯಬಹುದು. ಇಬಿಎಸ್ ಸ್ನ್ಯಾಪ್‌ಶಾಟ್ ಅಮೆಜಾನ್ ಬಿಟ್ಟು ಹೊರಗೆ ಏಳುವುದಿಲ್ಲ. ನಿಮ್ಮದು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಆಗಿದ್ದರೆ ಅದರಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಏಜೆಂಟ್ ಇರುವುದಿಲ್ಲ, ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಿಂದ ಓಡಿಸಿ. ಲೆಕ್ಕದ ಸಾಫ್ಟ್‌ವೇರ್‌ನ ಒಳಗಿರುವ ಬ್ಯಾಕಪ್ ಆಯ್ಕೆಯನ್ನೂ ಬಳಸಿ. ಎರಡನ್ನೂ ಜಿಪ್ ಮಾಡಿ ಎಸ್3ಗೆ ಕಳಿಸಿ, ಅಲ್ಲಿಂದ ಗಂಜ್ ಅಂಗಡಿಯ ಒಂದು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಿ. ಅಮೆಜಾನ್‌ನಿಂದ ಹೊರಗೆ ಇಳಿಸುವಾಗ ತಿಂಗಳಿಗೆ ಮೊದಲ 100 ಜಿಬಿಗೆ ಹಣವಿಲ್ಲ, ನಿಮ್ಮ ಜಿಪ್ ಅಷ್ಟರಲ್ಲೇ ಮುಗಿದೀತು. ಆ ಹಾರ್ಡ್ ಡಿಸ್ಕ್ ಮಷಿನ್‌ಗೆ ಸದಾ ತಗುಲಿಕೊಂಡಿರಬಾರದು, ವೈರಸ್ ಬಂದರೆ ಅದನ್ನೂ ತಿನ್ನುತ್ತದೆ.

ನೀವು ಕೇಳದೆ ಬಿಟ್ಟ ಒಂದು ವಿಷಯ ನನಗೆ ಹೆಚ್ಚು ಚಿಂತೆಯದು. ಹಿಂದಿನ ರಾತ್ರಿಯ ಸ್ನ್ಯಾಪ್‌ಶಾಟ್ ತಂದಾಗ ನಿಮ್ಮ ಮಷಿನ್ ಮಾತ್ರ ಹಿಂದಕ್ಕೆ ಹೋಗುತ್ತದೆ, ಊರು ಹೋಗುವುದಿಲ್ಲ. ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಕಡ್ಡಾಯ. ಲೇಬಲ್ ಹಾಕಿದ ಬೇಳೆ ಚೀಲಗಳಿಗೆ ಬೆಳಗ್ಗೆ ನೀವು ಮಾಡಿದ ಇನ್‌ವಾಯ್ಸ್‌ಗಳು ಸರ್ಕಾರದ ಪೋರ್ಟಲ್‌ನಲ್ಲಿ ಕೂತಿವೆ, ನಿಮ್ಮ ಸಾಫ್ಟ್‌ವೇರ್‌ಗೆ ಅವು ಗೊತ್ತೇ ಇಲ್ಲ. ಅದು ಅದೇ ಸಂಖ್ಯೆಗಳನ್ನು ಮತ್ತೆ ಕೊಡಲು ಹೋಗುತ್ತದೆ. ಪ್ರತಿ ಇ-ಇನ್‌ವಾಯ್ಸ್‌ಗೂ ಇರುವ ಐಆರ್‌ಎನ್ ಎಂಬ ಗುರುತಿನ ಸಂಖ್ಯೆ ಹುಟ್ಟುವುದೇ ನಿಮ್ಮ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆಯಿಂದ, ಆದ್ದರಿಂದ ಪೋರ್ಟಲ್ ಎರಡನೆಯದನ್ನು ತಿರಸ್ಕರಿಸುತ್ತದೆ. ಇದಾದರೂ ಸಿಕ್ಕಿಬೀಳುವ ತಪ್ಪು. ಬ್ಯಾಂಕಿನಿಂದ ರೈತರಿಗೆ ಹೋದ ಪಾವತಿ ನಿಮ್ಮ ಪುಸ್ತಕದಲ್ಲಿ ಕಾಣದೆ ಎರಡನೇ ಸಲ ಹೋದರೆ ಹಿಡಿಯುವವರಿಲ್ಲ. ಎಪಿಎಂಸಿಯ ಆನ್‌ಲೈನ್ ಟೆಂಡರ್‌ನ ಲಾಟ್‌ಗಳದೂ ಇದೇ ಕಥೆ.

ಆದ್ದರಿಂದ ರಿಸ್ಟೋರ್ ಮಾಡುವಾಗ ಹಳೆಯ ಮಷಿನ್ ಮೇಲೆ ಹೇರಬೇಡಿ, ಹೊಸದನ್ನು ಪಕ್ಕದಲ್ಲಿ ಎಬ್ಬಿಸಿ. ಮೊದಲು ಅದರಿಂದ ಹೊರಗೆ ಹೋಗುವ ನೆಟ್ ದಾರಿ ಮುಚ್ಚಿರಿ, ಇಲ್ಲದಿದ್ದರೆ ಅದರೊಳಗಿನ ಟಾಸ್ಕ್‌ಗಳು ಎದ್ದು ರೈತರಿಗೆ ನಿನ್ನೆಯ ಎಸ್‌ಎಂಎಸ್ ಮತ್ತೆ ಕಳಿಸುತ್ತವೆ. ಪೋರ್ಟಲ್‌ನಿಂದ ಇನ್‌ವಾಯ್ಸ್ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಕಾಟಾದ ಕಾಗದದ ಚೀಟಿಗಳು, ಪಟ್ಟಿಯ ಕಾರ್ಬನ್ ಪ್ರತಿ, ಇವನ್ನು ಮುಂದಿಟ್ಟುಕೊಂಡು ಕಾಣೆಯಾದ ಎಂಟ್ರಿಗಳನ್ನು ಹಾಕಿ, ಸಂಖ್ಯೆ ಸರಣಿಯನ್ನು ಮುಂದಕ್ಕೆ ತಳ್ಳಿ, ಆಮೇಲೆ ಜನರನ್ನು ಬಿಡಿ. ಕೆಟ್ಟ ಡಿಸ್ಕ್ ಅನ್ನು ಒಂದೆರಡು ವಾರ ಹಾಗೇ ಇಡಿ, ಆ ದಿನದ ಎಂಟ್ರಿಗಳಲ್ಲಿ ಒಂದಷ್ಟು ಅದರೊಳಗಿಂದಲೇ ಹೆಕ್ಕಬಹುದು. ತಿಂಗಳಿಗೊಮ್ಮೆ ಸುಮ್ಮನೆ ಅಭ್ಯಾಸಕ್ಕೂ ಹೀಗೆ ಎಬ್ಬಿಸಿ, ಕೊನೆಯ ಕಾಟಾ ಚೀಟಿ ಸಂಖ್ಯೆ ಮತ್ತು ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡಿ, ಆ ಮಷಿನ್ ಅಳಿಸಿ. ಒಂದೆರಡು ಗಂಟೆಯ ಬಾಡಿಗೆ ಅಷ್ಟೇ ತಗಲುತ್ತದೆ.

ಎಷ್ಟು ಇಡಬೇಕು ಎಂಬುದಕ್ಕೆ ನನ್ನ ಲೆಕ್ಕ ಹೀಗೆ: ದಿನದ್ದು ಏಳು, ವಾರದ್ದು ನಾಲ್ಕು, ಅಪ್‌ಡೇಟ್‌ಗೆ ಮುಂಚಿನದು ಒಂದು, ಅದನ್ನು ವಾರದಲ್ಲಿ ಅಳಿಸಿ. 30 ದಿನದ ಪ್ರತಿ ರಾತ್ರಿಯದೂ ಬೇಕೆನ್ನುವ ಕಾರಣ ನಿಮ್ಮ ಪತ್ರದಲ್ಲಿ ಕಾಣಲಿಲ್ಲ. ವರ್ಷಗಟ್ಟಲೆ ಇಡುವ ಕೆಲಸವನ್ನು ಸ್ನ್ಯಾಪ್‌ಶಾಟ್‌ಗೆ ಹಚ್ಚಬೇಡಿ. ಜಿಎಸ್‌ಟಿ ಕಾಯ್ದೆ ಪ್ರಕಾರ ದಾಖಲೆಗಳು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇರಬೇಕು. ಅಷ್ಟು ವರ್ಷದ ಮೇಲೆ ಆ ವಿಂಡೋಸ್ ಎದ್ದೀತೇ, ಆ ಸಾಫ್ಟ್‌ವೇರ್‌ನ ಲೈಸೆನ್ಸ್ ನಡೆದೀತೇ? ವರ್ಷದ ಬ್ಯಾಕ್ ಫೈಲ್, ಜೊತೆಗೆ ಖಾತೆಗಳ ಪಿಡಿಎಫ್ ಮತ್ತು ಎಕ್ಸೆಲ್ ಇಟ್ಟರೆ ಯಾರೂ ತೆರೆಯಬಲ್ಲರು. ನಿಮ್ಮದು ಪಾಲುದಾರಿಕೆಯೋ ಪ್ರೈವೇಟ್ ಲಿಮಿಟೆಡ್ಡೋ ನೀವು ಬರೆದಿಲ್ಲ. ಕಂಪನಿಯಾಗಿದ್ದರೆ 2022ರ ಆಗಸ್ಟ್ ತಿದ್ದುಪಡಿಯ ಪ್ರಕಾರ ಲೆಕ್ಕದ ಪುಸ್ತಕಗಳ ಬ್ಯಾಕಪ್ ದಿನಾ ಆಗಬೇಕು, ಅದು ಭಾರತದಲ್ಲೇ ಇರುವ ಸರ್ವರ್‌ನಲ್ಲಿರಬೇಕು. ಮುಂಬೈ, ಹೈದರಾಬಾದ್ ಎರಡೂ ನಡೆಯುತ್ತವೆ.

ಹಳೆಯವನ್ನು ಅಳಿಸಲು ಈ ವಾರವೇ ಕೂರಬೇಡಿ. ಮೊದಲು ಒಂದೇ ಗಳಿಗೆಯ ಶೆಡ್ಯೂಲ್ ಬರಲಿ, ಅದರಿಂದ ಒಮ್ಮೆ ಮಷಿನ್ ಎಬ್ಬಿಸಿ ಕಾಟಾದ ಡೇಟಾಬೇಸ್ ತೆರೆದು ನೋಡಿ. ಅದು ತೆರೆದ ಮೇಲೆ ಈ 30ರಲ್ಲಿ ಇಟ್ಟುಕೊಳ್ಳಬೇಕಾದ್ದು ಹೆಚ್ಚೇನೂ ಉಳಿಯುವುದಿಲ್ಲ. ಅವುಗಳಲ್ಲಿ ಮಾರ್ಚ್ 31ರ ರಾತ್ರಿಯದಿದ್ದರೆ ಅದೊಂದನ್ನು ಆಡಿಟರ್ ಸಹಿ ಆಗುವವರೆಗೆ ಮುಟ್ಟಬೇಡಿ.